ನಾಡಕಚೇರಿಯ ಆದಾಯ ಪ್ರಮಾಣ ಪತ್ರ: ಸೇವೆ ಚೆನ್ನಾಗಿದೆ, ಅದರಲ್ಲಿರುವ ಅಂಕಿಯ ಬಗ್ಗೆ ನನ್ನ ತಕರಾರಿದೆ

ಹೋಟೆಲಿಗೆ, ಮೊಬೈಲಿಗೆ, ಮಿಕ್ಸಿಗೆ ಎಲ್ಲದಕ್ಕೂ ವಿಮರ್ಶೆ ಬರೆಯುತ್ತೇವೆ. ಆದಾಯ ಪ್ರಮಾಣ ಪತ್ರ ಮಾಡಿಸುವ ಸೇವೆಗೆ ಯಾರೂ ಬರೆದಿದ್ದು ನಾನು ನೋಡಿಲ್ಲ. ಮಂಡ್ಯದ ಕಡೆ ಈ ಕಾಗದ ಒಮ್ಮೆಯೂ ಬೇಕಾಗದ ಮನೆ ಸಿಗುವುದು ಕಷ್ಟ. ಮಕ್ಕಳ ಸ್ಕಾಲರ್‌ಶಿಪ್ಪಿಗೆ ಬೇಕು, ಹಾಸ್ಟೆಲ್ಲಿಗೆ ಬೇಕು, ಆರ್‌ಟಿಇ ಸೀಟಿಗೆ ಬೇಕು, ಪಿಂಚಣಿಗೂ ಬೇಕು. ನೀವು ಬಡವರಾ, ಮಧ್ಯಮ ವರ್ಗದವರಾ, ಅನುಕೂಲಸ್ಥರಾ ಅಂತ ಸರ್ಕಾರ ತೀರ್ಮಾನ ಮಾಡುವುದು ಇದರಲ್ಲಿ ಮುದ್ರಣವಾದ ಒಂದು ಅಂಕಿ ನೋಡಿ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಕಾಗದ ಕೈಗೆ ಸಿಗುವ ರೀತಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಆ ಕಾಗದ ಒಂದು ಮನೆಯ ಸ್ಥಿತಿಯನ್ನು ಎಷ್ಟು ಸರಿಯಾಗಿ ಹೇಳುತ್ತದೆ ಅಂದರೆ, ಎರಡು ಕೊಡುವುದೂ ಕಷ್ಟ.

ನಾನು ಹೋಗಿದ್ದು ನಮ್ಮ ಊರಿನ ಪಕ್ಕದ ಮನೆ ಅಕ್ಕನ ಜೊತೆ. ಅವರ ಮಗಳು ಈ ಸಲ ಡಿಗ್ರಿಗೆ ಸೇರಿದ್ದಾಳೆ, ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಬೇಕು, ಅದಕ್ಕೆ ಜಾತಿ ಮತ್ತು ಆದಾಯ ಪ್ರಮಾಣ ಪತ್ರದ ಆರ್‌ಡಿ ನಂಬರ್ ಇಲ್ಲದಿದ್ದರೆ ಪೋರ್ಟಲ್ ಮುಂದಕ್ಕೇ ಹೋಗುವುದಿಲ್ಲ. ಹಳೇ ಪತ್ರದ ಅವಧಿ ಮುಗಿದಿತ್ತು. ಆದಾಯದ ಪತ್ರಕ್ಕೆ ಐದು ವರ್ಷ ಬಾಳಿಕೆ, ಆಮೇಲೆ ಹೊಸದು ಮಾಡಿಸಲೇಬೇಕು.

ಕೆಲಸ ಹೀಗೆ ಸಾಗುತ್ತದೆ. ಆಧಾರ್ ಮತ್ತು ರೇಷನ್ ಕಾರ್ಡ್ ತೆಗೆದುಕೊಂಡು ನಾಡಕಚೇರಿಗೆ ಹೋಗಬಹುದು, ಇಲ್ಲವೇ ಊರಿನ ಗ್ರಾಮ ಒನ್‌ಗೆ ಹೋಗಬಹುದು, ಮೊಬೈಲಿನಲ್ಲಿ ತಿಳಿದವರು ಮನೆಯಿಂದಲೂ ಹಾಕಬಹುದು. ಅರ್ಜಿ ಹಾಕಿದ ತಕ್ಷಣ ಫೋನಿಗೆ ಮೆಸೇಜ್ ಬರುತ್ತದೆ. ಅಲ್ಲಿಂದ ಅರ್ಜಿ ಗ್ರಾಮ ಆಡಳಿತ ಅಧಿಕಾರಿಗೆ ಹೋಗುತ್ತದೆ, ಅಂದರೆ ನಾವೆಲ್ಲ ಇನ್ನೂ ವಿ.ಎ. ಅಂತಲೇ ಕರೆಯುವವರಿಗೆ, ನಮ್ಮ ಅಜ್ಜಂದಿರ ಕಾಲದಲ್ಲಿ ಶಾನುಭೋಗರು ಕೂರುತ್ತಿದ್ದ ಜಾಗದಲ್ಲಿ ಈಗ ಇರುವವರಿಗೆ. ಅವರು ವರದಿ ಕೊಟ್ಟ ಮೇಲೆ ಆರ್‌ಐ, ಅಂದರೆ ರೆವಿನ್ಯೂ ಇನ್‌ಸ್ಪೆಕ್ಟರ್, ಆಮೇಲೆ ಉಪ ತಹಶೀಲ್ದಾರ್. ಕೊನೆಗೆ ಡಿಜಿಟಲ್ ಸಹಿ ಬಿದ್ದು ಪತ್ರ ತಯಾರು. ಯಾರ ಟೇಬಲ್ ಮೇಲೆ ಅರ್ಜಿ ಕೂತಿದೆ ಅಂತ ನಂಬರ್ ಹಾಕಿ ನೋಡಬಹುದು. ಸಹಿಗಾಗಿ ಬಾಗಿಲಲ್ಲಿ ಕಾಯುವುದು, ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ ನಾಳೆ ಬನ್ನಿ ಅನ್ನಿಸಿಕೊಳ್ಳುವುದು, ಇದೆಲ್ಲ ಬಹಳ ಕಡಿಮೆ ಆಗಿದೆ. ಕೂಲಿ ಬಿಟ್ಟು ಬರುವವರಿಗೆ ಒಂದು ದಿನ ಉಳಿದರೂ ಅದು ದುಡ್ಡೇ. ಸರ್ಕಾರದ ಶುಲ್ಕವೂ ನೂರು ರೂಪಾಯಿಯ ಒಳಗೇ. ಈ ವಿಷಯದಲ್ಲಿ ಕರ್ನಾಟಕದ ವ್ಯವಸ್ಥೆಯನ್ನು ಮನಸಾರೆ ಹೊಗಳುತ್ತೇನೆ.

ಒಂದು ಅಂಕ ಕಡಿಮೆ ಮಾಡಿದ್ದು ಜೂನ್-ಜುಲೈ ನೂಕುನುಗ್ಗಲಿಗೆ. ಕಾಲೇಜು ಸೇರುವ ಹೊತ್ತಿಗೆ ಎಲ್ಲರೂ ಒಟ್ಟಿಗೇ ಬರುತ್ತಾರೆ, ಸರ್ವರ್ ನಿಂತುಹೋಗುತ್ತದೆ. ಆಗ ಜನ ಸೈಬರ್ ಅಂಗಡಿಗೆ ಓಡುತ್ತಾರೆ, ಅಲ್ಲಿ ಕೆಲವರು ಅರ್ಜೆಂಟ್ ಮಾಡಿಸಿಕೊಡುತ್ತೇವೆ ಅಂತ ಹೇಳಿ ಐದಾರು ಪಟ್ಟು ವಸೂಲಿ ಮಾಡುತ್ತಾರೆ. ಅರ್ಜೆಂಟಿಗೆ ಅಂತ ಬೇರೆ ದಾರಿ ಅವರ ಬಳಿ ಇಲ್ಲ. ಅವರು ಹಾಕುವುದೂ ಅದೇ ಅರ್ಜಿ. ಕೊಡಬೇಡಿ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ.

ಕೌಂಟರಿನ ಹುಡುಗ ಒಳ್ಳೆಯವನು. ಹೆಸರು, ವಿಳಾಸ ಎಲ್ಲ ಟೈಪ್ ಮಾಡಿ, 'ವರ್ಷಕ್ಕೆ ಆದಾಯ ಎಷ್ಟು ಹಾಕ್ಲಿ ಅಕ್ಕಾ?' ಅಂತ ಕೇಳಿದ. ಅಕ್ಕ ಮಗಳ ಮುಖ ನೋಡಿದರು. ಆಮೇಲೆ, 'ಏನಂತ ಹೇಳನಪ್ಪಾ? ಕಬ್ಬು ಹೋದ್ರೆ ಬತ್ತದೆ. ಈ ಸಲ ಇನ್ನೂ ಕಡ್ದೇ ಇಲ್ಲ' ಅಂದರು. 'ಅಂದಾಜು ಹೇಳಿ ಸಾಕು, ಖಾಲಿ ಬಿಟ್ರೆ ಇದು ಮುಂದಕ್ಕೆ ತಗೊಳಲ್ಲ' ಅಂದ ಅವನು. ಹಿಂದೆ ನಿಂತಿದ್ದ ಯಾರೋ ಒಬ್ಬರು, 'ಎಲ್ರೂ ಹಾಕಸದ್ನೇ ಹಾಕ್ಸಿ ಬುಡಿ ಅಕ್ಕಾ, ಲೆಕ್ಕ ಯಾಕೆ' ಅಂದರು. ಮಗಳು ಮಾತ್ರ ಬಿಡಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕೂತು ಜೆರಾಕ್ಸ್ ಹಾಳೆಯ ಹಿಂದುಗಡೆ ಲೆಕ್ಕ ಹಾಕೋಕೆ ಶುರು ಮಾಡಿದಳು.

ಆ ಲೆಕ್ಕ ನೋಡಿದ ಮೇಲೆಯೇ ಇದನ್ನು ಬರೆಯಬೇಕು ಅನ್ನಿಸಿದ್ದು.

ಅವರಿಗೆ ಒಂದೂವರೆ ಎಕರೆ ನಾಲೆ ನೀರಿನ ಜಮೀನು. ಕಬ್ಬು ನಾಟಿ ಮಾಡಿದರೆ ಕಡಿಯೋಕೆ ಹನ್ನೆರಡು ತಿಂಗಳಿಂದ ಹದಿನಾಲ್ಕು ತಿಂಗಳು. ಅಂದರೆ 'ವರ್ಷದ ಆದಾಯ' ಅನ್ನುವ ಕಾಲಂಗೆ ಈ ಬೆಳೆ ಮೊದಲೇ ಹೊಂದುವುದಿಲ್ಲ, ಕೆಲವು ವರ್ಷ ಕಬ್ಬಿನ ದುಡ್ಡೇ ಬರುವುದಿಲ್ಲ. ಕೇಂದ್ರ ಸರ್ಕಾರ 2025-26ರ ಹಂಗಾಮಿಗೆ ಕ್ವಿಂಟಾಲಿಗೆ 355 ರೂಪಾಯಿ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ದರ, ನಿಗದಿ ಮಾಡಿತ್ತು, ಟನ್ನಿಗೆ 3,550. ಪೇಪರಿನಲ್ಲಿ ಓದಿದವರು ಅರವತ್ತು ಟನ್ ಬೆಳೆದರೆ ಎರಡು ಲಕ್ಷದ ಮೇಲೆ ಅಂತ ಗುಣಿಸಿಬಿಡುತ್ತಾರೆ. ಆದರೆ ಆ ದರ ಕಬ್ಬಿನಿಂದ ಸಿಗುವ ಸಕ್ಕರೆಯ ಇಳುವರಿ ಶೇ 10.25 ಇದ್ದರೆ ಮಾತ್ರ. ಅದಕ್ಕಿಂತ ಕಡಿಮೆ ಬಂದರೆ ದರವೂ ಇಳಿಯುತ್ತದೆ. ಕಟಾವು ಮತ್ತು ಸಾಗಣೆ ಖರ್ಚು ಅದರಲ್ಲೇ ಹೋಗುತ್ತದೆ. ಆಮೇಲೆ ಬಿತ್ತನೆ, ಗೊಬ್ಬರ, ಕಳೆ ತೆಗೆಸಿದ ಕೂಲಿ, ಸೊಸೈಟಿ ಸಾಲ. ಹುಡುಗಿ ಒಂದೊಂದನ್ನೂ ಬರೆದು ಕಳೆಯುತ್ತಾ ಹೋದಳು. ಕೊನೆಗೆ ಉಳಿದ ಅಂಕಿಯನ್ನು ಅವಳೇ ಎರಡು ಸಲ ಕೂಡಿ ನೋಡಿದಳು.

ದುಡ್ಡು ಬರುವ ಹೊತ್ತು ಇನ್ನೊಂದು ಕಥೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ ಸೇರಿಸಬೇಕು. ಬಾಕಿಗಾಗಿ ರೈತರು ಎಷ್ಟು ಸಲ ರಸ್ತೆ ತಡೆ ಮಾಡಿದ್ದಾರೆ ಅನ್ನುವುದು ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಮದುವೆಯೋ ಆಸ್ಪತ್ರೆಯೋ ಎದುರಿಗೆ ಬಂದು ನಿಂತರೆ ಕಾಯಲಾಗದೆ ಆಲೆಮನೆಗೆ ಹೊಡೆಯುತ್ತಾರೆ, ಅಲ್ಲಿ ರೇಟು ಹೇಗೇ ಇರಲಿ ಕೈಗೆ ಬೇಗ ಕಾಸು ಸಿಗುತ್ತದೆ. ಅದೇ ಕಬ್ಬು, ಅದೇ ಜಮೀನು. ಯಾರಿಗೆ ಕಾಯುವ ಶಕ್ತಿ ಇದೆ ಅನ್ನುವುದರ ಮೇಲೆ ಆದಾಯವೇ ಬೇರೆ ಆಗುತ್ತದೆ.

ಇದರ ಜೊತೆಗೆ ಹಸು. ಡೇರಿ ಬಟವಾಡೆ ಅವರ ಮನೆಯಲ್ಲಿ ತಪ್ಪದೆ ಬರುವ ಒಂದೇ ದುಡ್ಡು. ಸೊಪ್ಪು, ಸೋಪು, ಬಸ್ಸಿನ ಚಿಲ್ಲರೆ, ಚೀಟಿ ಕಂತು ಎಲ್ಲ ಅದರಲ್ಲೇ. ಅಕ್ಕ ಕೂಲಿಗೂ ಹೋಗುತ್ತಾರೆ. ನರೇಗಾ ಕೂಲಿ 2025-26ರಲ್ಲಿ ನಮ್ಮ ರಾಜ್ಯದಲ್ಲಿ ದಿನಕ್ಕೆ 370 ರೂಪಾಯಿ ಇತ್ತು, ನೂರು ದಿನ ಪೂರ್ತಿ ಸಿಕ್ಕಿದ್ದರೂ 37,000. ಪೂರ್ತಿ ನೂರು ದಿನ ಎಲ್ಲರಿಗೂ ಸಿಗುತ್ತಿರಲಿಲ್ಲ.

ಇಷ್ಟೆಲ್ಲ ಸೇರಿ ಒಂದು ಕಾಲಂ. ಒಂದು ಅಂಕಿ.

ನನ್ನ ಆದಾಯ ಪತ್ರ ಮಾಡಿಸುವಾಗ ಇದ್ಯಾವುದೂ ಇರಲಿಲ್ಲ. ನಾನು ಮೈಸೂರಿನಲ್ಲಿ ಖಾಸಗಿ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಸಂಬಳದ ಸ್ಲಿಪ್ ಇದೆ, ಫಾರಂ 16 ಇದೆ, ಅಂಕಿ ಅದರಲ್ಲೇ ಮುದ್ರಣವಾಗಿದೆ. ಬ್ಯಾಂಕಿಗೆ ಹೋದರೆ ಮೂರು ತಿಂಗಳ ಸ್ಲಿಪ್ ತೋರಿಸಿ ಸಾಲ ಕೇಳಬಹುದು. ಅಕ್ಕನ ಮನೆಗೆ ಒಳ್ಳೆ ಕಬ್ಬಿನ ವರ್ಷದಲ್ಲಿ ಬರುವ ಒಟ್ಟು ದುಡ್ಡು, ಮೈಸೂರಿನ ಬಟ್ಟೆ ಅಂಗಡಿಯಲ್ಲಿ ನಿಂತು ಕೆಲಸ ಮಾಡುವ ಹುಡುಗಿಯ ವರ್ಷದ ಸಂಬಳಕ್ಕೆ ಹತ್ತಿರವೇ ಇರಬಹುದು. ಆದರೆ ಇಬ್ಬರ ಸ್ಥಿತಿ ಒಂದೇ ಅಲ್ಲ. ಒಬ್ಬಳಿಗೆ ಒಂದನೇ ತಾರೀಖು ಗೊತ್ತು, ಆದರೆ ಜಮೀನಿಲ್ಲ, ಬಾಡಿಗೆ ಮನೆ. ಇನ್ನೊಬ್ಬರಿಗೆ ಜಮೀನಿದೆ, ಸ್ವಂತ ಮನೆ ಇದೆ, ಒಂದನೇ ತಾರೀಖು ಅನ್ನುವುದೇ ಇಲ್ಲ. ಇವರಲ್ಲಿ ಯಾರು ಬಡವರು ಅಂತ ಒಂದೇ ಅಂಕಿ ನೋಡಿ ಹೇಳೋಕೆ ಆಗುತ್ತಾ? ನನ್ನ ಪ್ರಕಾರ ಆಗಲ್ಲ. ವರ್ಗ ಅನ್ನುವುದನ್ನು ತೀರ್ಮಾನ ಮಾಡುವುದು ವರ್ಷಕ್ಕೆ ಎಷ್ಟು ಬಂತು ಅನ್ನುವುದಕ್ಕಿಂತ ಜಾಸ್ತಿ, ಮುಂದಿನ ತಿಂಗಳು ಬರುತ್ತಾ ಅನ್ನುವುದು, ಬರದಿದ್ದರೆ ಯಾರ ಹತ್ತಿರ ಕೈ ಚಾಚಬೇಕು ಅನ್ನುವುದು.

ಊರಿನವರಿಗೆ ಇದು ಚೆನ್ನಾಗಿ ಗೊತ್ತು. ಹೆಣ್ಣು ಕೊಡುವಾಗ ಯಾರೂ ವರ್ಷದ ಆದಾಯ ಕೇಳುವುದಿಲ್ಲ. ತಿಂಗಳ ಸಂಬಳ ಇದೆಯಾ ಅಂತ ಕೇಳುತ್ತಾರೆ. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯಿಂದ ಮದುವೆಯಾಗದ ಯುವ ರೈತರು ಹೆಣ್ಣು ಸಿಗಲಿ ಅಂತ ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋಗಿದ್ದು ದೇಶಕ್ಕೇ ಸುದ್ದಿಯಾಯಿತು. ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ನಾಲೆ ನೀರಿನ ಜಮೀನಿರುವ ಹುಡುಗನಿಗಿಂತ ಬೆಂಗಳೂರಲ್ಲಿ ಒಂದು ಕೋಣೆಯಲ್ಲಿ ನಾಲ್ಕು ಜನ ಇದ್ದುಕೊಂಡು ತಿಂಗಳ ಸಂಬಳ ತರುವ ಹುಡುಗನೇ ಮೇಲು ಅಂತ ಹೆಣ್ಣಿನ ಮನೆಯವರು ನೋಡುತ್ತಾರೆ, ಅವರ ಮಗಳು ಗಾಣದೆತ್ತಿನ ಹಾಗೆ ದುಡಿಯುವುದು ಬೇಡ ಅನ್ನುವ ಅವರ ಆಸೆಯಲ್ಲಿ ತಪ್ಪೂ ಇಲ್ಲ. ಅಲ್ಲಿ ವರ್ಗ ಬದಲಾಗಿಹೋಗಿದೆ. ನಾಡಕಚೇರಿಯ ಕಾಲಂಗೆ ಮಾತ್ರ ಅದು ಕಾಣುವುದಿಲ್ಲ.

ಇನ್ನೊಂದು ತೊಂದರೆ, ಗೆರೆಗಳು ಬೇರೆ ಬೇರೆ. ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿಗೆ ಕುಟುಂಬದ ವರ್ಷದ ಆದಾಯ 1.2 ಲಕ್ಷ ಮೀರಬಾರದು. ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳಿಗೆ ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ 2.5 ಲಕ್ಷ. ಎಂಟನೇ ಕ್ಲಾಸಿನ ಮಕ್ಕಳು ಬರೆಯುವ ಎನ್‌ಎಂಎಂಎಸ್ ಸ್ಕಾಲರ್‌ಶಿಪ್ ಪರೀಕ್ಷೆಗೆ 3.5 ಲಕ್ಷ. ಕೇಂದ್ರದ ಇಡಬ್ಲ್ಯುಎಸ್, ಅಂದರೆ ಆರ್ಥಿಕವಾಗಿ ದುರ್ಬಲರ ಮೀಸಲಾತಿಗೆ, ಮತ್ತು ಮೀಸಲಾತಿ ಸಿಗದ ಅನುಕೂಲಸ್ಥ ಒಬಿಸಿಗಳನ್ನು ಗುರುತಿಸುವ ಕೆನೆಪದರಕ್ಕೆ 8 ಲಕ್ಷ. ಆ ಎರಡರಲ್ಲೂ ಲೆಕ್ಕ ಹಾಕುವ ರೀತಿ ಒಂದೇ ಅಲ್ಲ: ಇಡಬ್ಲ್ಯುಎಸ್‌ನಲ್ಲಿ ಸಂಬಳ, ಬೇಸಾಯ ಎಲ್ಲ ಸೇರಿಸಿ ನೋಡುತ್ತಾರೆ, ಕೆನೆಪದರದ ಆದಾಯ ಲೆಕ್ಕದಲ್ಲಿ ಸಂಬಳವನ್ನೂ ಬೇಸಾಯದ ಆದಾಯವನ್ನೂ ಸೇರಿಸುವುದಿಲ್ಲ. ಇತ್ತ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ಆದಾಯ ತೆರಿಗೆಯೇ ಇಲ್ಲ. ಒಂದೂವರೆ ಲಕ್ಷ ದುಡಿಯುವ ಮನೆ ರೇಷನ್ ಅಂಗಡಿಯಲ್ಲಿ ಬಡವರಲ್ಲ, ಸ್ಕಾಲರ್‌ಶಿಪ್ಪಿನಲ್ಲಿ ಬಡವರು. ತಿಂಗಳಿಗೆ ಹತ್ತು ಸಾವಿರ ದಾಟಿದರೆ ಬಿಪಿಎಲ್‌ನಿಂದ ಹೊರಗೆ, ತಿಂಗಳಿಗೆ ಅರವತ್ತು ಸಾವಿರ ಬಂದರೂ ಆರ್ಥಿಕವಾಗಿ ದುರ್ಬಲ. ಈ ಎರಡು ಮನೆಗಳ ನಡುವೆ ಇರುವ ಅಂತರ ಮಂಡ್ಯದ ಯಾವ ಬೀದಿಯಲ್ಲಿ ನಿಂತರೂ ಕಣ್ಣಿಗೆ ಹೊಡೆಯುತ್ತದೆ.

ಹೀಗಿರುವಾಗ ಏನಾಗುತ್ತದೆ? ಗೆರೆ ಎಲ್ಲಿದೆ ನೋಡಿಕೊಂಡು ಅದರ ಕೆಳಗೆ ಅಂಕಿ ಬರೆಸುತ್ತಾರೆ. ಇದು ಎಲ್ಲರಿಗೂ ಗೊತ್ತು. ಬರೆಸುವವರನ್ನು ನಾನು ದೂರುವುದಿಲ್ಲ, ಮಕ್ಕಳ ಓದು ನಿಲ್ಲಬಾರದು ಅಂತ ತಾಯಿ ಇನ್ನೇನು ಮಾಡಬೇಕು? ಗ್ರಾಮ ಆಡಳಿತ ಅಧಿಕಾರಿಯನ್ನೂ ದೂರುವುದಿಲ್ಲ. ಅವರ ಮೇಲೆ ಎಷ್ಟೋ ಊರಿನ ಹೊರೆ ಇರುತ್ತದೆ, ಪಹಣಿ ನೋಡುತ್ತಾರೆ, ರೇಷನ್ ಕಾರ್ಡ್ ನೋಡುತ್ತಾರೆ, ಅಕ್ಕಪಕ್ಕ ಕೇಳುತ್ತಾರೆ, ಅಷ್ಟೇ. ಆದರೆ ಇದರಿಂದ ನಿಜಕ್ಕೂ ಅನ್ಯಾಯ ಆಗುವುದು ಒಪ್ಪೊತ್ತಿನ ಊಟದವರಿಗೆ. ಭೂಮಿ ಇಲ್ಲದ ಕೂಲಿಯವರು ಮತ್ತು ಎರಡು ಅಂಗಡಿ ಬಾಡಿಗೆಗೆ ಕೊಟ್ಟಿರುವವರು ಕಾಗದದ ಮೇಲೆ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ.

ಉಲ್ಟಾ ಪೆಟ್ಟೂ ಇದೆ. ಗೂಡ್ಸ್ ಗಾಡಿ ಸಾಲಕ್ಕೆ ಐಟಿ ರಿಟರ್ನ್ ಬೇಕು ಅಂತ ಹೇಳಿದರೆ ಹುಡುಗರು ಒಂದು ರಿಟರ್ನ್ ಹಾಕಿಸುತ್ತಾರೆ. ಆಮೇಲೆ ಅದೇ ಮನೆಯ ಬಿಪಿಎಲ್ ಕಾರ್ಡಿಗೆ ಕುತ್ತು. 2024ರ ನವೆಂಬರ್‌ನಲ್ಲಿ ರಾಜ್ಯದಲ್ಲಿ ಕಾರ್ಡುಗಳು ರದ್ದಾಗಿ ಗಲಾಟೆ ಆದಾಗ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರಿಗೆ ವಾಪಸ್ ಕೊಡುತ್ತೇವೆ ಅಂತ ಸರ್ಕಾರ ಹೇಳಬೇಕಾಯಿತು. ರಿಟರ್ನ್ ಹಾಕುವುದಕ್ಕೂ ತೆರಿಗೆ ಕಟ್ಟುವುದಕ್ಕೂ ಇರುವ ವ್ಯತ್ಯಾಸ ಕಂಪ್ಯೂಟರಿಗೆ ಹೇಳಿಕೊಡಬೇಕಿತ್ತು, ಅಲ್ವಾ? ಇದಕ್ಕಿಂತ ನನಗೆ ನೋವಾದದ್ದು 2011ರ ಸಾಮಾಜಿಕ ಆರ್ಥಿಕ ಗಣತಿಯ ನಿಯಮ. ಹಳ್ಳಿಯ ಮನೆಯಲ್ಲಿ ಫ್ರಿಜ್ ಇದ್ದರೆ, ಬೈಕ್ ಇದ್ದರೆ, 50,000 ಅಥವಾ ಮೇಲ್ಪಟ್ಟ ಮಿತಿಯ ಕಿಸಾನ್ ಕ್ರೆಡಿಟ್ ಕಾರ್ಡ್ ಇದ್ದರೆ ಬಡವರ ಲೆಕ್ಕದಿಂದ ತಾನಾಗಿಯೇ ಹೊರಗೆ. ಕಿಸಾನ್ ಕಾರ್ಡ್ ಅಂದರೆ ಸಾಲ! ತೀರಿಸಬೇಕಾದ ಸಾಲವನ್ನು ಅನುಕೂಲ ಅಂತ ಎಣಿಸಿದರು.

ವಸ್ತು ಮಾರುವ ಕಂಪನಿಗಳು ಆದಾಯ ಕೇಳುವ ಗೋಜಿಗೇ ಹೋಗುವುದಿಲ್ಲ, ಜನ ಸರಿಯಾಗಿ ಹೇಳಲ್ಲ ಅಂತ ಅವರಿಗೆ ಗೊತ್ತು. 2011ರಲ್ಲಿ ಮಾರುಕಟ್ಟೆ ಸಮೀಕ್ಷೆಯವರು ಮನೆಯ ಮುಖ್ಯ ದುಡಿಮೆಗಾರರ ಓದು ನೋಡಿ, ಫ್ಯಾನು, ಗ್ಯಾಸ್ ಒಲೆ, ಟಿವಿ, ಬೈಕು, ಕಾರು, ಹೊಲ ಅಂತ 11 ವಸ್ತುಗಳಲ್ಲಿ ಎಷ್ಟಿವೆ ಅಂತ ಎಣಿಸಿ ವರ್ಗ ಹಾಕುವ ಪದ್ಧತಿ ತಂದರು. ಸೋಪು ಯಾರಿಗೆ ಮಾರಬೇಕು ಅಂತ ತಿಳಿಯೋಕೆ ಅಷ್ಟು ಸಾಕು. ಸ್ಕಾಲರ್‌ಶಿಪ್ಪಿಗೆ ಸಾಲದು.

ನಮ್ಮ ಮೈಸೂರು ಸೀಮೆಗೆ ಈ ಪ್ರಶ್ನೆ ಹೊಸದಲ್ಲ. 1918ರಲ್ಲೇ ನಾಲ್ವಡಿಯವರ ಸರ್ಕಾರ ಮಿಲ್ಲರ್ ಸಮಿತಿ ಮಾಡಿ ಹಿಂದುಳಿದವರು ಯಾರು ಅಂತ ಕೇಳಿತ್ತು. 1963ರಲ್ಲಿ ಮೈಸೂರು ರಾಜ್ಯ ಸರ್ಕಾರ ಕಾಲೇಜು ಸೀಟುಗಳ ಮೀಸಲಾತಿಗೆ ಒಂದು ಆದೇಶ ಹೊರಡಿಸಿತು. ಅದರಲ್ಲಿ ಕುಟುಂಬದ ಆದಾಯ ವರ್ಷಕ್ಕೆ 1,200 ರೂಪಾಯಿ ಮೀರಬಾರದು ಅಂತ ಇತ್ತು. ಅದು ಚಿತ್ರಲೇಖಾ ಪ್ರಕರಣವಾಗಿ ಸುಪ್ರೀಂ ಕೋರ್ಟಿಗೆ ಹೋಯಿತು, 1964ರಲ್ಲಿ ಕೋರ್ಟು ಅದನ್ನು ಎತ್ತಿಹಿಡಿಯಿತು. ಇವತ್ತಿನ ಬಿಪಿಎಲ್ ಮಿತಿ ಅದರ ಸರಿಯಾಗಿ ನೂರು ಪಟ್ಟು. ಆದರೆ ನಾನು ಆ ಆದೇಶವನ್ನು ನೆನೆಯುವುದು ಬೇರೆ ಕಾರಣಕ್ಕೆ. ಅದು ಆದಾಯವನ್ನಷ್ಟೇ ಕೇಳಿರಲಿಲ್ಲ, ಕಸುಬನ್ನೂ ಕೇಳಿತ್ತು. ಬೇಸಾಯ, ಸಣ್ಣ ವ್ಯಾಪಾರ, ಕೆಳದರ್ಜೆ ನೌಕರಿ, ಕೈಕಸುಬು, ಮೈಮುರಿದು ದುಡಿಯುವ ಕೆಲಸ, ಇದರಲ್ಲಿ ಯಾವುದು ಅಂತ. ಜಾತಿಯನ್ನು ಬಿಟ್ಟು ನೋಡಿದ್ದು ಸರಿಯಾ ಅನ್ನುವ ವಾದ ಆಗಲೂ ಇತ್ತು, ಈಗಲೂ ಇದೆ, ಜಾತಿಯ ಪೆಟ್ಟನ್ನು ಆದಾಯದ ಗೆರೆ ಅಳೆಯುವುದಿಲ್ಲ ಅನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೂ ದುಡ್ಡು ಹೇಗೆ ಬರುತ್ತದೆ ಅಂತ ಕೇಳಬೇಕು ಅನ್ನುವ ಬುದ್ಧಿ ಅರವತ್ತು ವರ್ಷದ ಹಿಂದೆಯೇ ನಮ್ಮ ಸರ್ಕಾರಕ್ಕೆ ಇತ್ತು. ಈಗಿನ ಪತ್ರದಲ್ಲಿ ಉಳಿದಿರುವುದು ಅಂಕಿ ಮಾತ್ರ.

ಹಾಗಾಗಿ ನಾಡಕಚೇರಿ ಸೇವೆಗೆ ನನ್ನ ಬೇಡಿಕೆ ಸರಳ. ಆದಾಯದ ಕಾಲಂ ಇರಲಿ. ಅದರ ಪಕ್ಕ ದುಡ್ಡು ತಿಂಗಳಿಗೆ ಬರುತ್ತದಾ, ಬೆಳೆಗೆ ಬರುತ್ತದಾ, ದಿನಗೂಲಿಯಾ ಅಂತ ಸೇರಿಸಿ. ಬೆಳೆಗೆ ಬರುವವರಿಗೆ ಮೂರು ವರ್ಷದ ಸರಾಸರಿ ತೆಗೆಯಿರಿ. ಮನೆಯಲ್ಲಿ ಎಷ್ಟು ತಲೆ, ದುಡಿಯುವವರು ಎಷ್ಟು, ಸಾಲ ಎಷ್ಟು ಅಂತ ಬರೆದುಕೊಳ್ಳಿ. ಇದಕ್ಕೆ ಹೊಸ ಕಾಗದವೇನೂ ಬೇಕಾಗಿಲ್ಲ. ತಲೆ ಎಣಿಕೆ ರೇಷನ್ ಕಾರ್ಡಿನಲ್ಲಿದೆ, ಜಮೀನಿನ ವಿವರ ಸರ್ಕಾರ ರೈತರಿಗೆ ಕೊಡುವ ನೋಂದಣಿ ನಂಬರ್ ಫ್ರೂಟ್ಸ್ ಐಡಿಯಲ್ಲಿದೆ, ಬೆಳೆ ಸಮೀಕ್ಷೆ ಪ್ರತಿ ಹಂಗಾಮಿಗೂ ನಡೆಯುತ್ತದೆ. ಇಷ್ಟೆಲ್ಲ ಮಾಹಿತಿ ಒಂದೇ ಕಡೆ ಸೇರಿದರೆ ಕಾರ್ಡು ರದ್ದು ಮಾಡೋಕೆ ಬಳಸುತ್ತಾರೆ ಅನ್ನುವ ಭಯ ಜನರಿಗಿದೆ, ಅದು ಸುಮ್ನೆ ಹುಟ್ಟಿದ ಭಯ ಅಲ್ಲ. ಅದಕ್ಕೇ ಮೊದಲು ಗೆರೆಯನ್ನು ಸರಿ ಮಾಡಿ. 1.2 ಲಕ್ಷ ಅನ್ನುವುದು ಇವತ್ತಿನ ಅಕ್ಕಿ, ಎಣ್ಣೆ, ಕಾಲೇಜು ಫೀಸಿಗೆ ಬಹಳ ಕಡಿಮೆ ಆಯಿತು. ಗೆರೆ ನಿಜಕ್ಕೆ ಹತ್ತಿರ ಬಂದರೆ ಜನರೂ ನಿಜ ಬರೆಸುತ್ತಾರೆ.

ಅಕ್ಕನ ಮಗಳು ತನ್ನ ಲೆಕ್ಕದಲ್ಲಿ ಬಂದ ಅಂಕಿಯನ್ನೇ ಹಾಕಿಸಿದಳು. ಹಿಂದೆ ನಿಂತವರು ಹೇಳಿದ್ದಕ್ಕಿಂತ ಅದು ಜಾಸ್ತಿ ಇತ್ತು, ಆದರೂ ಸ್ಕಾಲರ್‌ಶಿಪ್ಪಿನ ಮಿತಿಯ ಒಳಗೇ ಇತ್ತು. ಪತ್ರ ಬೇಗ ಬಂತು, ಎಸ್‌ಎಸ್‌ಪಿ ಅರ್ಜಿಯೂ ಹೋಯಿತು.

ನೀವು ಹೋಗುವುದಾದರೆ ಇಷ್ಟು ನೋಡಿಕೊಳ್ಳಿ. ಆಧಾರ್, ರೇಷನ್ ಕಾರ್ಡ್, ಕಾಲೇಜಿನ ದಾಖಲೆ ಮೂರರಲ್ಲೂ ಹೆಸರಿನ ಸ್ಪೆಲ್ಲಿಂಗ್ ಒಂದೇ ಇರಬೇಕು, ಅರ್ಧಕ್ಕರ್ಧ ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಅಲ್ಲೇ ಅಂತ ಕೌಂಟರಿನ ಹುಡುಗ ಹೇಳಿದ. ಪರೀಕ್ಷೆ ಮುಗಿದ ಕೂಡಲೇ, ಏಪ್ರಿಲ್‌ನಲ್ಲೇ ಅರ್ಜಿ ಹಾಕಿ, ಫಲಿತಾಂಶಕ್ಕೆ ಕಾಯಬೇಡಿ. ಆರ್‌ಡಿ ನಂಬರಿನ ಫೋಟೋ ತೆಗೆದು ಮನೆಯವರೆಲ್ಲರ ಫೋನಿನಲ್ಲಿ ಇಟ್ಟುಕೊಳ್ಳಿ. ಹೋಗುವ ಮುಂಚೆ ಮನೆಯಲ್ಲಿ ಕೂತು ಲೆಕ್ಕ ಬರೆದುಕೊಂಡು ಹೋಗಿ, ಕೌಂಟರಿನ ಮುಂದೆ ಯಾರೋ ಹೇಳಿದ ಅಂಕಿ ಹಾಕಿಸಬೇಡಿ. ಮುಂದಿನ ಐದು ವರ್ಷ ಎಲ್ಲ ಕಡೆಯೂ ಕೇಳುವುದು ಅದನ್ನೇ.